ವರ್ಣತಂತುಗಳ ಮುರಿತ: ಒಂದು ಅಪರೂಪದ ಕಾಯಿಲೆ ಕಲಿಸಿದ ಪಾಠ



ವೈದ್ಯಶಾಸ್ತ್ರದ ಚರಿತ್ರೆಯಲ್ಲಿ 1927ನೆಯ ಇಸವಿ ಸ್ಮರಣೀಯವಾದುದು. ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ ತೋರುವ ಎರಡು ವರದಿಗಳು ಆ ವರ್ಷ ಪ್ರಕಟವಾದವು. ಹಣ್ಣಿನ ನೊಣಗಳ ಮೇಲೆ ಕ್ಷ-ಕಿರಣ ಹಾಯಿಸಿದರೆ ಅವುಗಳ ಆನುವಂಶಿಕ ಗುಣಗಳು ಬದಲಾಗುತ್ತವೆಂದು ಅಮೆರಿಕದ ಹರ್ಮನ್ ಮುಲ್ಲರ್ ತೋರಿಸಿದರು. ಒಂದೇ ಮನೆಯ ಮೂವರು ಅಣ್ಣತಮ್ಮಂದಿರನ್ನು ಕಾಡಿದ ವಿಚಿತ್ರ ರಕ್ತಹೀನತೆಯೊಂದನ್ನು ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೈಡೋ ಫ್ಯಾಂಕೋನಿ ವರ್ಣಿಸಿದರು. ಈ ಎರಡು ತೊರೆಗಳು ಹೇಗೆ ಒಂದಾದವು, ಆ ಸಂಗಮದಿಂದ ನಮ್ಮ ಮನೆಗಳು ಕಲಿಯಬೇಕಾದುದೇನು ಎಂಬುದೇ ಇಂದಿನ ನನ್ನ ವಿಷಯ.

ನಮ್ಮ ಒಂದೊಂದು ಜೀವಕೋಶದಲ್ಲಿಯೂ ಸುಮಾರು ಎರಡು ಮೀಟರ್ ಉದ್ದದ ಡಿ.ಎನ್.ಎ. ಎಳೆ 46 ವರ್ಣತಂತುಗಳಾಗಿ ಸುತ್ತಿಕೊಂಡಿದೆ. ಈ ಎಳೆ ಅಚಲವಾದುದೆಂದು ಹಿಂದೆ ಭಾವಿಸಲಾಗಿತ್ತು. ಸ್ವೀಡನ್ನಿನ ಟೊಮಾಸ್ ಲಿಂಡಾಲ್ ಈ ಭಾವನೆಯನ್ನು ಅಲ್ಲಗಳೆದರು. ಬಿಸಿಲು, ವಿಕಿರಣ, ಹೊಗೆಸೊಪ್ಪುಗಳಷ್ಟೇ ಅಲ್ಲ, ನಾವು ಉಸಿರಾಡುವ ಆಮ್ಲಜನಕ ಮತ್ತು ಕೋಶದೊಳಗಿನ ನೀರು ಸಹ ಅದನ್ನು ಸತತವಾಗಿ ಕೆಡಿಸುತ್ತವೆ. ಒಂದು ಕೋಶದಲ್ಲಿ ದಿನವೊಂದಕ್ಕೆ ಇಂತಹ ಗಾಸಿ ಹತ್ತು ಸಾವಿರಕ್ಕೂ ಮಿಕ್ಕುತ್ತದೆಂದು ಅಂದಾಜು. ಆದರೂ ನಾವು ಬದುಕಿರುವುದು ಕೋಶದೊಳಗಿನ ದುರಸ್ತಿ ವ್ಯವಸ್ಥೆಯಿಂದ. ಈ ವ್ಯವಸ್ಥೆಯ ಅಧ್ಯಯನಕ್ಕಾಗಿ ಲಿಂಡಾಲ್, ಪಾಲ್ ಮಾಡ್ರಿಚ್, ಅಜೀಜ್ ಸಂಜಾರ್ ಈ ಮೂವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಗಾಸಿಗಳಲ್ಲೆಲ್ಲ ಘೋರವಾದುದು ಜೋಡಿ ಎಳೆಗಳೆರಡೂ ಒಟ್ಟಿಗೆ ತುಂಡಾಗುವುದು. ಮುರಿದ ವರ್ಣತಂತುವಿನ ತುದಿ ಸುಮ್ಮನಿರದೆ ಮತ್ತೊಂದು ಮುರಿದ ತುದಿಗೆ ಅಂಟಿಕೊಳ್ಳುತ್ತದೆ, ಕೋಶ ವಿಭಜನೆಯಾಗುವಾಗ ಪುನಃ ಹರಿಯುತ್ತದೆ ಎಂಬುದನ್ನು ಬಾರ್ಬರಾ ಮೆಕ್ಲಿಂಟಾಕ್ 1930ರ ದಶಕದ ಕೊನೆಯಲ್ಲಿಯೇ ಮುಸುಕಿನ ಜೋಳದಲ್ಲಿ ಕಂಡಿದ್ದರು. ಮನುಷ್ಯರಲ್ಲಿ ಇದನ್ನು ನೋಡಲು ಕಾಲ ಕೂಡಿಬರಬೇಕಾಗಿತ್ತು. ನಮ್ಮ ವರ್ಣತಂತುಗಳ ಸಂಖ್ಯೆ 46 ಎಂಬುದು ನಿಶ್ಚಯವಾದದ್ದೇ 1956ರಲ್ಲಿ.

1964ರಲ್ಲಿ ಜರ್ಮನಿಯ ಟ್ರೌಟೆ ಶ್ರೋಡರ್ ಮತ್ತು ಸಂಗಡಿಗರು ಫ್ಯಾಂಕೋನಿ ಕಾಯಿಲೆಯ ರೋಗಿಗಳ ರಕ್ತಕಣಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ, ಯಾವ ಕ್ಷ-ಕಿರಣವೂ ತಗುಲದೆಯೇ ವರ್ಣತಂತುಗಳು ಮುರಿದಿದ್ದವು. ಈ ಮಕ್ಕಳಲ್ಲಿ ಅಸ್ಥಿಮಜ್ಜೆ ಬತ್ತುವುದು, ಹಲವರಲ್ಲಿ ಹೆಬ್ಬೆರಳು ಸರಿಯಾಗಿ ಬೆಳೆಯದಿರುವುದು, ಎಳೆಯ ವಯಸ್ಸಿನಲ್ಲಿಯೇ ರಕ್ತದ ಕ್ಯಾನ್ಸರ್ ಬರುವುದು, ಇವೆಲ್ಲಕ್ಕೂ ಒಂದೇ ಮೂಲ ಗೋಚರಿಸಿತು. ಮುರಿತವೆಂಬುದು ಎಲ್ಲರಲ್ಲಿಯೂ ಉಂಟು. ಮುರಿದುದನ್ನು ಕೂಡಿಸಲಾರದಿರುವುದೇ ಇವರ ರೋಗ. ಡಿ.ಎನ್.ಎ.ಯ ಎರಡು ಎಳೆಗಳನ್ನು ಬೆಸೆದುಬಿಡುವ ಔಷಧಗಳಿಗೆ ಈ ಕೋಶಗಳು ಅತಿಯಾಗಿ ತುತ್ತಾಗುತ್ತವೆಂದು 1973ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಅದೇ ತತ್ತ್ವದ ಮೇಲೆ ಇಂದಿಗೂ ಈ ಕಾಯಿಲೆಯ ಪರೀಕ್ಷೆ ನಡೆಯುತ್ತದೆ.

ಪರೀಕ್ಷೆಯ ಮಹತ್ವ ಸಾಮಾನ್ಯವಾದುದಲ್ಲ. ಅಸ್ಥಿಮಜ್ಜೆಯ ಕಸಿಗೆ ಮುನ್ನ ಕೊಡುವ ಔಷಧಗಳ ರೂಢಿಯ ಪ್ರಮಾಣವೇ ಈ ಮಕ್ಕಳ ಪ್ರಾಣಕ್ಕೆ ಎರವಾದೀತು. ಪ್ಯಾರಿಸ್ಸಿನ ಎಲಿಯಾನ್ ಗ್ಲುಕ್ಮನ್ ಆ ಪ್ರಮಾಣವನ್ನು ತಗ್ಗಿಸುವ ಮಾರ್ಗ ಹುಡುಕಿದರು. 1988ರಲ್ಲಿ ಇದೇ ರೋಗವಿದ್ದ ಅಮೆರಿಕದ ಬಾಲಕನೊಬ್ಬನಿಗೆ, ಆಗತಾನೇ ಹುಟ್ಟಿದ ಅವನ ತಂಗಿಯ ಹೊಕ್ಕುಳಬಳ್ಳಿಯ ರಕ್ತವನ್ನು ಅವರು ಕಸಿಮಾಡಿದರು. ಜಗತ್ತಿನಲ್ಲಿ ಅಂತಹ ಕಸಿ ಅದೇ ಮೊದಲು. ಬಾಲಕ ಬದುಕಿದ.

ಕಥೆಯ ಇನ್ನೊಂದು ತಿರುವು ಸ್ತನ ಕ್ಯಾನ್ಸರಿಗೆ ಸಂಬಂಧಿಸಿದ್ದು. ಕೆಲವು ಮನೆತನಗಳಲ್ಲಿ ಈ ರೋಗಕ್ಕೆ ಕಾರಣವಾಗುವ ವಂಶವಾಹಿ 17ನೆಯ ವರ್ಣತಂತುವಿನಲ್ಲಿದೆಯೆಂದು 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ಸಾಬೀತುಪಡಿಸಿದರು. 1994ರಲ್ಲಿ ಬಿ.ಆರ್.ಸಿ.ಎ. 1, ಮರುವರ್ಷ ಬಿ.ಆರ್.ಸಿ.ಎ. 2 ಕೈಗೆ ಸಿಕ್ಕವು. ಇವೆರಡೂ ಮುರಿದ ಡಿ.ಎನ್.ಎ. ಕೂಡಿಸುವ ಕೆಲಸದವೇ. 2002ರಲ್ಲಿ ಬೆರಗಿನ ಸಂಗತಿಯೊಂದು ಹೊರಬಿತ್ತು. ಬಿ.ಆರ್.ಸಿ.ಎ. 2ರ ಎರಡು ಪ್ರತಿಗಳೂ ಕೆಟ್ಟ ಮಗುವಿಗೆ ಬರುವುದು ಫ್ಯಾಂಕೋನಿ ಕಾಯಿಲೆ; ಒಂದೇ ಪ್ರತಿ ಕೆಟ್ಟವರಿಗೆ ಇರುವುದು ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಭಯ. ಮುಂದೆ ಈ ದೌರ್ಬಲ್ಯವೇ ಆಯುಧವಾಯಿತು. ದುರಸ್ತಿಯ ಒಂದು ಹಾದಿ ಮೊದಲೇ ಕೆಟ್ಟಿರುವ ಗೆಡ್ಡೆಯಲ್ಲಿ ಪಾರ್ಪ್ ಎಂಬ ಕಿಣ್ವದ ಮತ್ತೊಂದು ಹಾದಿಯನ್ನೂ ಕಟ್ಟಿದರೆ ಗೆಡ್ಡೆಯ ಕೋಶಗಳು ಸಾಯುತ್ತವೆ ಎಂದು 2005ರಲ್ಲಿ ತಿಳಿಯಿತು. ಹಾಗೆ ಬಂದ ಒಲಾಪರಿಬ್ ಔಷಧಕ್ಕೆ 2014ರಲ್ಲಿ ಮನ್ನಣೆ ದೊರೆಯಿತು.

ಇನ್ನು ನಮ್ಮ ವಿಚಾರ. ಫ್ಯಾಂಕೋನಿ ಕಾಯಿಲೆ ಬಹುಮಟ್ಟಿಗೆ ತಾಯಿತಂದೆಗಳಿಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ತಲೆದೋರುವಂಥದು. ಇಬ್ಬರೂ ಆರೋಗ್ಯವಂತರಾಗಿಯೇ ಕಾಣುತ್ತಾರೆ. ಆದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವ ನಮ್ಮ ನಾಡಿನ ವಾಡಿಕೆಯಲ್ಲಿ ಒಂದೇ ಕೆಟ್ಟ ಪ್ರತಿ ಎರಡು ಕಡೆಯಿಂದಲೂ ಬರುವ ಸಂಭವ ಹೆಚ್ಚು. ಇದು ಯಾರನ್ನೂ ದೂಷಿಸುವ ಮಾತಲ್ಲ. ಅಂತಹ ದಂಪತಿಗಳ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಸಂಬಂಧದೊಳಗಿನ ಮದುವೆಯೆಂಬುದನ್ನು ವೈದ್ಯರಿಗೆ ತಿಳಿಸುವುದು ಅಗತ್ಯ.

ಅದಕ್ಕಿಂತ ದೊಡ್ಡ ತೊಡಕು ನಮ್ಮ ಮೌನ. ಅಜ್ಜಿ ಯಾವುದೋ ಹೊಟ್ಟೆಯ ಕಾಯಿಲೆಯಿಂದ ಹೋದರು, ಚಿಕ್ಕಮ್ಮನಿಗೆ ಎದೆಯಲ್ಲಿ ಏನೋ ಗೆಡ್ಡೆಯಂತೆ, ಇಷ್ಟರಲ್ಲಿಯೇ ಮಾತು ಮುಗಿಯುತ್ತದೆ. ಹೆಣ್ಣುಮಕ್ಕಳ ಸಂಬಂಧಕ್ಕೆ ಅಡ್ಡಿಯಾದೀತೆಂಬ ಅಂಜಿಕೆಯಿಂದ ಊರಿನಲ್ಲಿ ಮುಚ್ಚಿಟ್ಟದ್ದು ಕಡಲು ದಾಟಿ ಬಂದ ಮಕ್ಕಳಿಗೆ ತಿಳಿಯುವುದೇ ಇಲ್ಲ. ಇಲ್ಲಿನ ವೈದ್ಯರು ಮನೆತನದ ರೋಗಚರಿತ್ರೆ ಕೇಳಿದಾಗ ಏನೂ ಇಲ್ಲವೆಂದು ಬರೆದುಬಿಡುತ್ತೇವೆ. ಬಿ.ಆರ್.ಸಿ.ಎ. ದೋಷ ತಂದೆಯಿಂದಲೂ ಬರಬಹುದು. ಅದುಳ್ಳವರ ಪ್ರತಿ ಮಗುವಿಗೂ ಎರಡರಲ್ಲಿ ಒಂದು ಪಾಲು ಸಂಭವ. ಆದುದರಿಂದ ತಂದೆಯ ಕಡೆಯ ಅತ್ತೆಯಂದಿರ ಚರಿತ್ರೆಯೂ ಬೇಕು.

ಊರಿಗೆ ಹೋದಾಗ ಹಿರಿಯರ ಬಳಿ ಕುಳಿತು, ಯಾರಿಗೆ ಯಾವ ಕಾಯಿಲೆ, ಎಷ್ಟನೆಯ ವಯಸ್ಸಿನಲ್ಲಿ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ತಮ್ಮೆಲ್ಲರಲ್ಲಿ ವಿನಂತಿಸುತ್ತೇನೆ. ಗೋತ್ರ ಪ್ರವರಗಳನ್ನು ಮಕ್ಕಳಿಗೆ ಕಲಿಸುವ ನಾವು ಈ ಒಂದು ಹಾಳೆಯನ್ನೂ ಅವರ ಕೈಗಿಡೋಣ. ಸಕಾಲದ ತಪಾಸಣೆಯಿಂದ ಒಂದು ಜೀವ ಉಳಿದೀತು.