ಬೈಬಲ್ ನಾಣ್ಯಗಳ ಬೆನ್ನು ಹತ್ತಿ

1267ರಲ್ಲಿ ಸ್ಪೇನಿನಿಂದ ಪವಿತ್ರ ನಾಡಿಗೆ ಬಂದಿಳಿದ ಯಹೂದಿ ವಿದ್ವಾಂಸ ನಹ್ಮನಿದೆಸ್, ಆಕ್ರೆ ಪಟ್ಟಣದ ಹಿರಿಯರ ಬಳಿ ಒಂದು ಹಳೆಯ ಬೆಳ್ಳಿ ನಾಣ್ಯ ಕಂಡ. ಅದರ ಒಂದು ಮುಖದಲ್ಲಿ ಬಾದಾಮಿ ಕೊಂಬೆಯಂಥ ಚಿತ್ರ, ಇನ್ನೊಂದರಲ್ಲಿ ಪಾತ್ರೆಯಂಥದು, ಎರಡರ ಸುತ್ತಲೂ ಅಕ್ಷರಗಳು. ಧರ್ಮಗ್ರಂಥಕ್ಕೆ ಭಾಷ್ಯ ಬರೆಯಬಲ್ಲ ಆ ಪಂಡಿತನ ಸುತ್ತ ಇದ್ದವರಿಗೆ ಆ ಲಿಪಿ ಓದಲು ಬರಲಿಲ್ಲ. ಹಲ್ಮಿಡಿ ಶಾಸನದ ಮುಂದೆ ನಿಂತ ಇಂದಿನ ಕನ್ನಡಿಗರ ಸ್ಥಿತಿ ಅವರದು. ಪ್ರಾಚೀನ ಹೀಬ್ರೂ ಲಿಪಿಯನ್ನು ತಮ್ಮ ಬರಹದಲ್ಲಿ ಉಳಿಸಿಕೊಂಡಿದ್ದ ಸಮಾರ್ಯರು ಮಾತ್ರ ಅದನ್ನು ತಟ್ಟನೆ ಓದಿ ಹೇಳಿದರು: 'ಪವಿತ್ರ ಯೆರೂಸಲೇಮ್.' ನಹ್ಮನಿದೆಸ್ ನಾಣ್ಯವನ್ನು ತೂಗಿಸಿ ನೋಡಿದ. ಬೈಬಲ್ಲಿನ ಶೆಕೆಲ್ ಎಂಬ ನಾಣ್ಯದ ತೂಕದ ಬಗ್ಗೆ ಹಿಂದೆ ತಾನು ಬರೆದಿದ್ದನ್ನು ತಿದ್ದಿಕೊಂಡ.

ಆ ನಾಣ್ಯ ಯಾವ ಕಾಲದ್ದು ಎಂಬುದು ಇತ್ಯರ್ಥವಾಗಲು ಇನ್ನೂ ಏಳುನೂರು ವರ್ಷ ಹಿಡಿಯಿತು.

ಅಷ್ಟರಲ್ಲಿ ಶೆಕೆಲ್‌ಗೆ ಯುರೋಪಿನಲ್ಲಿ ಬೇಡಿಕೆ ಹುಟ್ಟಿತ್ತು. ಜರ್ಮನಿಯ ಗರ್ಲಿಟ್ಸ್ ಪಟ್ಟಣದಲ್ಲಿ ಕ್ರಿಸ್ತನ ಸಮಾಧಿಯ ಪ್ರತಿಕೃತಿಯೊಂದಿದೆ. ಅಲ್ಲಿಗೆ ಬರುವ ಯಾತ್ರಿಕರಿಗೆ 16ನೆಯ ಶತಮಾನದಿಂದೀಚೆಗೆ 'ಶೆಕೆಲ್'ಗಳನ್ನು ಮಾರಲಾಗುತ್ತಿತ್ತು. ಅವುಗಳಲ್ಲಿ ಪಾತ್ರೆಯ ಬಾಯಿಂದ ಹೊಗೆ ಏಳುತ್ತದೆ, ಕೊಂಬೆಯ ತುಂಬ ಎಲೆಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ ಅಕ್ಷರಗಳು ಹಳೆಯ ಹೀಬ್ರೂ ಲಿಪಿಯವಲ್ಲ, ಮುದ್ರಿತ ಪುಸ್ತಕಗಳ ಚೌಕ ಲಿಪಿಯವು. ಅಸಲಿ ಶೆಕೆಲ್‌ನಲ್ಲಿ ಪಾತ್ರೆಯ ಮೇಲಿರುವುದು ಹೊಗೆಯಲ್ಲ, ವರ್ಷ ಸೂಚಿಸುವ ಅಕ್ಷರ. ಕೊಂಬೆಯಲ್ಲಿರುವುದು ಮೂರು ದಾಳಿಂಬೆ ಮೊಗ್ಗು. ಆದರೂ ಆ ನಕಲುಗಳು ಎಷ್ಟೋ ಮನೆಗಳಲ್ಲಿ ಕ್ರಿಸ್ತನನ್ನು ಹಿಡಿದುಕೊಡಲು ಯೂದನು ಪಡೆದ ಮೂವತ್ತು ಬೆಳ್ಳಿ ನಾಣ್ಯಗಳಲ್ಲೊಂದು ಎಂಬಂತೆ ಭಕ್ತಿಯಿಂದ ಉಳಿದುಕೊಂಡವು. ಆ ಮೂವತ್ತು ನಾಣ್ಯಗಳು ತೂರ್ ಪಟ್ಟಣದ ಶೆಕೆಲ್‌ಗಳಾಗಿದ್ದಿರಬೇಕು ಎಂಬುದು ಇಂದಿನ ವಿದ್ವಾಂಸರ ಒಲವು. ಸುಮಾರು 14 ಗ್ರಾಂ ತೂಗುವ, ಉತ್ತಮ ಬೆಳ್ಳಿಯ ಆ ನಾಣ್ಯದ ಮೇಲೆ ಮೆಲ್ಕಾರ್ತ್ ದೇವರ ತಲೆಯೂ ಹದ್ದೂ ಇದ್ದವು. ಯೆರೂಸಲೇಮಿನ ದೇವಾಲಯದ ತೆರಿಗೆಯನ್ನು ಸಲ್ಲಿಸುತ್ತಿದ್ದದ್ದೂ ತೂರಿನ ಬೆಳ್ಳಿಯಲ್ಲೇ.

ಬಡ ವಿಧವೆ ಕಾಣಿಕೆ ಪೆಟ್ಟಿಗೆಗೆ ಹಾಕಿದ ಎರಡು ಕಾಸುಗಳ ಕಥೆ ಮಾರ್ಕನ ಸುವಾರ್ತೆಯಲ್ಲಿದೆ. ಸಂಗ್ರಾಹಕರು ಆ ಹೆಸರಿನಲ್ಲಿ ಸಾಮಾನ್ಯವಾಗಿ ಕೊಳ್ಳುವುದು ಅಲೆಕ್ಸಾಂಡರ್ ಯನ್ನಾಯ್ ಎಂಬ ಹಸ್ಮೋನಿಯ ರಾಜನ ಪುಟ್ಟ ತಾಮ್ರದ ನಾಣ್ಯಗಳನ್ನು. ಒಂದು ಕಡೆ ಲಂಗರು, ಇನ್ನೊಂದು ಕಡೆ ನಕ್ಷತ್ರ. ಎಷ್ಟೋ ನಾಣ್ಯಗಳು ಒಂದು ಗ್ರಾಮೂ ತೂಗವು, ಅಚ್ಚು ಓರೆಯಾಗಿ ಬಿದ್ದು ಅರ್ಧ ಚಿತ್ರವೇ ಕಾಣೆಯಾಗಿರುತ್ತದೆ. ಯನ್ನಾಯ್ ಸತ್ತದ್ದು ಕ್ರಿ.ಪೂ. 76ರಲ್ಲಿ, ಎಂದರೆ ಸುವಾರ್ತೆಯ ಪ್ರಸಂಗಕ್ಕೆ ಸುಮಾರು ನೂರು ವರ್ಷ ಮುಂಚೆ. ಆದರೆ ಟಂಕಿಸಿದ್ದು ರಾಶಿ ರಾಶಿಯಾಗಿ. ಮುಂದಿನ ತಲೆಮಾರುಗಳಲ್ಲೂ ಅವು ಕೈಯಿಂದ ಕೈಗೆ ಓಡಾಡಿದವು. ಹೀಗಾಗಿ ವಿಧವೆಯ ಕೈಯಲ್ಲಿ ಇಂಥದೇ ಕಾಸು ಇದ್ದಿರಬಹುದು ಎನ್ನಲು ಆಧಾರವಿದೆ. ಇದೇ ಕಾಸು ಎನ್ನಲು ಯಾರಿಗೂ ಸಾಧ್ಯವಿಲ್ಲ.

ಸುವಾರ್ತೆಯ ಕಾಲಕ್ಕೆ ಇನ್ನೂ ಹತ್ತಿರವಾದವು ರೋಮನ್ ಅಧಿಪತಿ ಪೊಂತ್ಯ ಪಿಲಾತನ ಕಂಚಿನ ನಾಣ್ಯಗಳು. ಕ್ರಿ.ಶ. 29ರಿಂದ 32ರ ನಡುವೆ ಟಂಕಿಸಿದ ಇವುಗಳ ಮೇಲೆ ಪಿಲಾತನ ಹೆಸರಿಲ್ಲ, ಚಕ್ರವರ್ತಿ ತಿಬೇರಿಯನ ಹೆಸರು ಗ್ರೀಕ್ ಅಕ್ಷರಗಳಲ್ಲಿದೆ. ರೋಮನ್ ಶಕುನಗಾರರ ಬಾಗಿದ ಕೋಲು, ದೇವರಿಗೆ ಅರ್ಪಣೆ ಎರೆಯುವ ಸೌಟು ಇದರ ಚಿತ್ರಗಳು. ವಿಗ್ರಹಾರಾಧನೆಯನ್ನು ಒಪ್ಪದ ಜನರ ಜೇಬಿಗೆ ರೋಮನ್ ಪೂಜಾ ಸಾಮಗ್ರಿಯನ್ನು ಇಳಿಸಿದವನು ಅವನು.

'ಇದರಲ್ಲಿರುವುದು ಯಾರ ತಲೆ?' ಎಂಬ ಯೇಸುವಿನ ಪ್ರಶ್ನೆಗೆ ಗುರಿಯಾದ ದಿನಾರದ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಕೈಸರ (ಚಕ್ರವರ್ತಿ) ಎಂದಷ್ಟೇ ಸುವಾರ್ತೆ ಹೇಳುತ್ತದೆ, ಯಾವ ಕೈಸರ ಎಂದಲ್ಲ. ಒಂದು ಮುಖದಲ್ಲಿ ತಿಬೇರಿಯ, ಇನ್ನೊಂದರಲ್ಲಿ ಕುಳಿತ ಸ್ತ್ರೀ ಇರುವ ಬೆಳ್ಳಿ ದಿನಾರವೇ ಅದೆಂದು ಮಾರುಕಟ್ಟೆ ತೀರ್ಮಾನಿಸಿಬಿಟ್ಟಿದೆ. ಆದರೆ ಯೆರೂಸಲೇಮಿನ ಉತ್ಖನನಗಳಲ್ಲಿ ಆ ಕಾಲದ ದಿನಾರಗಳು ಸಿಕ್ಕಿರುವುದು ತೀರಾ ಕಡಿಮೆ. ಅವು ಧಾರಾಳವಾಗಿ ಸಿಕ್ಕಿರುವುದು ರೋಮಿನೊಂದಿಗೆ ವ್ಯಾಪಾರ ನಡೆಸುತ್ತಿದ್ದ ದಕ್ಷಿಣ ಭಾರತದಲ್ಲಿ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯಲ್ಲೂ ತಿಬೇರಿಯನ ದಿನಾರಗಳಿದ್ದವು.

ನಾಣ್ಯ ಎಲ್ಲಿ, ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬ ವಿವರಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ನಹ್ಮನಿದೆಸ್ ಕಂಡ ಶೆಕೆಲೇ ತೋರಿಸಿಕೊಟ್ಟಿತು. ಮಕ್ಕಬಿಯರ ಮೊದಲ ಗ್ರಂಥದಲ್ಲಿ ಹಸ್ಮೋನಿಯ ನಾಯಕ ಸಿಮೋನನಿಗೆ ನಾಣ್ಯ ಟಂಕಿಸುವ ಹಕ್ಕು ದೊರೆತ ಉಲ್ಲೇಖವಿದೆ. ಅದನ್ನೇ ನಂಬಿ ಇಂಗ್ಲೆಂಡಿನ ಮ್ಯಾಡನ್ ಮುಂತಾದ 19ನೆಯ ಶತಮಾನದ ತಜ್ಞರು ಈ ದಪ್ಪ ಶೆಕೆಲ್‌ಗಳನ್ನು ಕ್ರಿಸ್ತಪೂರ್ವ ಕಾಲಕ್ಕೆ ಸೇರಿಸಿದ್ದರು. 1963ರಿಂದ 65ರವರೆಗೆ ಪುರಾತತ್ವಜ್ಞ ಯಿಗಾಯೆಲ್ ಯಾದಿನ್ ಮಸಾದಾ ಕೋಟೆಯನ್ನು ಅಗೆಸಿದಾಗ, ರೋಮಿನ ವಿರುದ್ಧ ಬಂಡೆದ್ದವರ ಅವಶೇಷಗಳ ನಡುವೆಯೇ ಶೆಕೆಲ್‌ಗಳು ಸಿಕ್ಕವು. ಅತಿ ಅಪರೂಪದ ಐದನೆಯ ವರ್ಷದವೂ ಅವುಗಳಲ್ಲಿದ್ದವು. ಕ್ರಿ.ಶ. 66ರಲ್ಲಿ ಶುರುವಾದ ದಂಗೆಯ ಐದನೆಯ ವರ್ಷದ ನಡುವೆಯೇ, 70ರ ಬೇಸಿಗೆಯಲ್ಲಿ, ಯೆರೂಸಲೇಮ್ ಬಿದ್ದಿತ್ತು. ಆ ವರ್ಷದ ನಾಣ್ಯ ಏಕೆ ಅಷ್ಟು ವಿರಳ ಎಂಬುದಕ್ಕೂ ಅಲ್ಲಿ ಉತ್ತರವಿತ್ತು. ಶೆಕೆಲ್‌ಗಳು ಸಿಮೋನನವಲ್ಲ, ಬಂಡಾಯಗಾರರವು ಎಂಬ ಮಾತಿಗೆ ಮತ್ತೆ ತಕರಾರು ಉಳಿಯಲಿಲ್ಲ.

ಕದ್ದು ಅಗೆದು ತೆಗೆದ ನಾಣ್ಯಕ್ಕೆ ಇಂಥ ಸಾಕ್ಷ್ಯ ನುಡಿಯುವ ಶಕ್ತಿ ಇರುವುದಿಲ್ಲ. ಇಸ್ರೇಲಿನ 1978ರ ಪುರಾತತ್ವ ಕಾನೂನಿನಂತೆ ನೆಲದಲ್ಲಿ ಹೊಸದಾಗಿ ಸಿಗುವ ಪ್ರಾಚೀನ ವಸ್ತು ಸರ್ಕಾರದ ಸ್ವತ್ತು. ವ್ಯಾಪಾರಕ್ಕೆ ಪರವಾನಗಿ ಬೇಕು, ದೇಶದಾಚೆ ಒಯ್ಯಲು ಅನುಮತಿ ಬೇಕು. ಯನ್ನಾಯ್‌ನ ಒಂದು ಕಾಸು ಕೊಳ್ಳಹೊರಟವರು ಮಾರಾಟಗಾರರನ್ನು ವಿಧವೆಯ ಕಥೆಗಿಂತ ಮೊದಲು ಕೇಳಬೇಕಾದದ್ದು ಆ ಕಾಗದಪತ್ರಗಳನ್ನು.