ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಪ್ರದೇಶದ ಕಾಡುಮರಗಳು ಹಾಗೂ ನಾಟಿ ಔಷಧಿ ಸಸ್ಯಗಳು: ಛಾಯಾಚಿತ್ರಗಳಿಂದ ಗುರುತಿಸುವ ಕ್ರಮ

ಪೀಠಿಕೆ

ಹಾಸನ ಜಿಲ್ಲೆಯ ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳು ನೆರೆಹೊರೆಯಲ್ಲಿದ್ದರೂ ಸಸ್ಯವರ್ಗದ ದೃಷ್ಟಿಯಿಂದ ಪರಸ್ಪರ ಭಿನ್ನವಾಗಿವೆ. ಅರಸೀಕೆರೆಯು ಬಯಲುಸೀಮೆಯ ಲಕ್ಷಣಗಳನ್ನು ಹೊಂದಿದ್ದು, ಇಲ್ಲಿನ ಕಲ್ಲುಗುಡ್ಡಗಳಲ್ಲಿ ಕುರುಚಲು ಕಾಡು ಮತ್ತು ಒಣ ಎಲೆ ಉದುರುವ ಕಾಡು ಕಂಡುಬರುತ್ತದೆ. ಬೇಲೂರು ತಾಲ್ಲೂಕಿನ ಪಶ್ಚಿಮದ ಅಂಚು ಮಲೆನಾಡಿಗೆ ಸೇರುತ್ತದೆ. ಇವೆರಡರ ನಡುವೆ ಹಳೇಬೀಡು ಮತ್ತು ಪುಷ್ಪಗಿರಿ ಬೆಟ್ಟದ ಸುತ್ತಲಿನ ಪ್ರದೇಶವಿದೆ. ಸ್ವಲ್ಪ ದೂರದಲ್ಲಿಯೇ ಮಳೆಯ ಪ್ರಮಾಣ ಬದಲಾಗುವುದರಿಂದ ಎರಡೂ ಸೀಮೆಗಳ ಗಿಡಮರಗಳನ್ನು ಈ ಭಾಗದಲ್ಲಿ ನೋಡಬಹುದಾಗಿದೆ.

ಈ ಜಿಲ್ಲೆಯ ಸಸ್ಯಗಳ ವೈಜ್ಞಾನಿಕ ಅಧ್ಯಯನಕ್ಕೆ ಭದ್ರವಾದ ತಳಹದಿಯಿದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸಿಸಿಲ್ ಜೆ. ಸಲ್ಡಾನಾ ಹಾಗೂ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ಎಚ್. ನಿಕಲ್ಸನ್ ಅವರು ಸಂಪಾದಿಸಿದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ ಗ್ರಂಥವು 1976ರಲ್ಲಿ ಪ್ರಕಟವಾಯಿತು. ಸಲ್ಡಾನಾ ಅವರು ಬಳಿಕ ಇಡೀ ರಾಜ್ಯದ ಸಸ್ಯಸಂಪತ್ತಿನ ಗ್ರಂಥಮಾಲೆಯನ್ನು ಕೈಗೊಂಡರು. ಅದರ ಮೊದಲ ಸಂಪುಟ 1984ರಲ್ಲಿ ಹೊರಬಂದಿತು.

ಇಂದು ಸಾರ್ವಜನಿಕರು, ವಿದ್ಯಾರ್ಥಿಗಳು ಹಾಗೂ ನಾಟಿ ವೈದ್ಯರು ಮೊಬೈಲ್ ಫೋನ್‌ನಿಂದ ಚಿತ್ರ ತೆಗೆದು ಗಿಡಗಳ ಹೆಸರು ತಿಳಿಯಲು ಯತ್ನಿಸುವುದು ಸಾಮಾನ್ಯವಾಗಿದೆ. ಸರಿಯಾದ ಚಿತ್ರಗಳಿದ್ದಲ್ಲಿ ಹಲವು ಸಸ್ಯಗಳನ್ನು ಗುರುತಿಸಲು ಸಾಧ್ಯ. ಆದರೆ ಔಷಧಿಯ ಗಿಡಕ್ಕೆ ವಿಷದ ಗಿಡ ಹೋಲುವ ಸಂದರ್ಭಗಳಲ್ಲಿ ಒಂದು ಅಸ್ಪಷ್ಟ ಚಿತ್ರವನ್ನು ನಂಬುವುದು ಪ್ರಾಣಾಪಾಯಕ್ಕೆ ಎಡೆಮಾಡಿಕೊಡಬಹುದು. ಈ ಕಾರಣದಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಚಿತ್ರ ತೆಗೆಯುವ ಕ್ರಮ

ಹೂವಿನ ಒಂದೇ ಚಿತ್ರದಿಂದ ಗಿಡವನ್ನು ಖಚಿತವಾಗಿ ಗುರುತಿಸುವುದು ಕಷ್ಟ. ಪ್ರತಿ ಗಿಡಕ್ಕೂ ಈ ಕೆಳಗಿನ ಚಿತ್ರಗಳಿರುವುದು ಅಗತ್ಯ:

1. ಇಡೀ ಗಿಡ ಅಥವಾ ಮರ, ಅದು ಬೆಳೆದಿರುವ ನೆಲದೊಡನೆ.
2. ಎಲೆಗಳು ಕಾಂಡಕ್ಕೆ ಸೇರುವ ರೀತಿ. ಎದುರುಬದುರಾಗಿವೆಯೇ, ಒಂದಾದ ಮೇಲೊಂದು ಪರ್ಯಾಯವಾಗಿವೆಯೇ, ಒಂದೇ ಗಿಣ್ಣಿನಲ್ಲಿ ಸುತ್ತಲೂ ಇವೆಯೇ ಎಂಬುದು ಕಾಣಬೇಕು.
3. ಎಲೆಯ ಮೇಲ್ಭಾಗ ಮತ್ತು ಕೆಳಭಾಗ. ನರಗಳು ಸ್ಪಷ್ಟವಾಗಿರಬೇಕು.
4. ತೊಗಟೆಯ ಹತ್ತಿರದ ಚಿತ್ರ.
5. ಹೂವಿನ ಎದುರಿನ ಮತ್ತು ಪಕ್ಕದ ನೋಟ.
6. ಕಾಯಿ ಅಥವಾ ಹಣ್ಣು. ಕೆಳಗೆ ಬಿದ್ದಿರುವುದಿದ್ದಲ್ಲಿ ಸೀಳಿ ಬೀಜದೊಡನೆ.

ಗಾತ್ರ ತಿಳಿಯಲು ಪಕ್ಕದಲ್ಲಿ ಅಳತೆಪಟ್ಟಿ ಅಥವಾ ನಾಣ್ಯ ಇಡುವುದು ಒಳಿತು. ದಿನಾಂಕ, ಊರು, ಸ್ಥಳೀಯ ಹೆಸರು, ಹಾಲು ಅಥವಾ ಅಂಟು ಬರುತ್ತದೆಯೇ, ವಾಸನೆ ಹೇಗಿದೆ ಎಂಬ ವಿವರಗಳನ್ನು ಬರೆದಿಟ್ಟುಕೊಳ್ಳಬೇಕು. ಇವು ಚಿತ್ರದಲ್ಲಿ ಕಾಣುವಂಥವಲ್ಲ. ಯಾವುದೇ ಅಪರಿಚಿತ ಗಿಡದ ರುಚಿ ನೋಡಿ ಪರೀಕ್ಷಿಸಬಾರದು.

ಸುಲಭವಾಗಿ ಗುರುತಿಸಬಹುದಾದ ಮರಗಳು

ಮುತ್ತುಗ: ಒಂದೇ ತೊಟ್ಟಿನಲ್ಲಿ ಮೂರು ಅಗಲವಾದ ಎಲೆಗಳಿರುತ್ತವೆ. ಬೇಸಿಗೆಯ ಆರಂಭದಲ್ಲಿ ಎಲೆ ಉದುರಿದ ಕೊಂಬೆಗಳಲ್ಲಿ ಕೇಸರಿಗೆಂಪು ಹೂಗಳು ತುಂಬುತ್ತವೆ. ಎಲೆಗಳನ್ನು ಊಟದ ಎಲೆ ಹಚ್ಚಲು ಬಳಸಲಾಗುತ್ತದೆ.

ಕಕ್ಕೆ: ಬೇಸಿಗೆಯಲ್ಲಿ ಜೋತಾಡುವ ಹಳದಿ ಹೂಗೊಂಚಲು, ಕೋಲಿನಂತಹ ಉದ್ದನೆಯ ಕಪ್ಪು ಕಾಯಿ.

ಹೊನ್ನೆ: ತೊಗಟೆಗೆ ಗಾಯವಾದಾಗ ರಕ್ತದಂತಹ ಕೆಂಪು ಅಂಟು ಒಸರುತ್ತದೆ. ಕಾಯಿಯು ದುಂಡಗಿದ್ದು ಸುತ್ತಲೂ ತೆಳ್ಳನೆಯ ರೆಕ್ಕೆಯಿರುತ್ತದೆ.

ಮತ್ತಿ ಮತ್ತು ಹೊಳೆಮತ್ತಿ: ಎರಡರ ಕಾಯಿಗೂ ಐದು ಏಣುಗಳಿರುತ್ತವೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಆಳವಾಗಿ ಬಿರಿದಿರುತ್ತದೆ. ಹೊಳೆಮತ್ತಿಯ ತೊಗಟೆ ನುಣುಪಾಗಿದ್ದು ಬಿಳಿಚಾಗಿ ಹಕ್ಕಳೆಗಳಾಗಿ ಕಳಚುತ್ತದೆ. ಹೊಳೆ, ಹಳ್ಳಗಳ ದಂಡೆ ಇದರ ನೆಲೆ. ಆಯುರ್ವೇದದಲ್ಲಿ ಅರ್ಜುನ ಎಂದು ಹೆಸರಾಗಿರುವುದು ಹೊಳೆಮತ್ತಿಯೇ.

ಬೇವು ಮತ್ತು ಹುಚ್ಚುಬೇವು: ಬೇವಿನ ಎಲೆ ಒಂದೇ ದಂಟಿನ ಎರಡು ಬದಿಗೆ ಜೋಡಿಸಿದಂತಿರುತ್ತದೆ. ಹುಚ್ಚುಬೇವಿನ ದಂಟು ಮತ್ತೆ ಮತ್ತೆ ಕವಲೊಡೆಯುತ್ತದೆ. ಹುಚ್ಚುಬೇವಿನ ಹಣ್ಣು ವಿಷಕಾರಿಯಾದುದರಿಂದ ಬೇವಿಗೆ ಬದಲಾಗಿ ಬಳಸಬಾರದು.

ಒಂದೇ ಹೆಸರು, ಬೇರೆ ಬೇರೆ ಗಿಡ

ಸ್ಥಳೀಯ ಹೆಸರನ್ನಷ್ಟೇ ನಂಬುವುದರಿಂದ ಗೊಂದಲ ಉಂಟಾಗುತ್ತದೆ. ‘ಬ್ರಾಹ್ಮಿ’ ಎಂಬ ಹೆಸರು ಒಂದೆಲಗಕ್ಕೂ ನೀರುಬ್ರಾಹ್ಮಿಗೂ ಬಳಕೆಯಲ್ಲಿದೆ. ಒಂದೆಲಗದ ಎಲೆ ದುಂಡಗೆ, ಅಂಚು ಕಚ್ಚುಕಚ್ಚಾಗಿ, ಉದ್ದ ತೊಟ್ಟಿನ ಮೇಲಿರುತ್ತದೆ. ನೀರುಬ್ರಾಹ್ಮಿಯ ಎಲೆಗಳು ಚಿಕ್ಕವು, ದಪ್ಪನೆಯವು ಮತ್ತು ಎದುರುಬದುರಾಗಿರುವಂಥವು. ಅದೇ ರೀತಿ ರಸ್ತೆ ಬದಿಯಲ್ಲಿ ಸಾಲಾಗಿ ನೆಡುವ, ಅಲೆಯಂತಹ ಅಂಚಿನ ಉದ್ದ ಎಲೆಯ ‘ಅಶೋಕ’ವು ಔಷಧಿಯ ಅಶೋಕವಲ್ಲ. ನಿಜವಾದ ಅಶೋಕಕ್ಕೆ ಕಿತ್ತಳೆಗೆಂಪು ಹೂಗೊಂಚಲುಗಳೂ ಜೋತುಬೀಳುವ ತಾಮ್ರವರ್ಣದ ಚಿಗುರೂ ಇರುತ್ತವೆ.

ಕಾಮಾಲೆಗೆ ನಾಟಿಮದ್ದಾಗಿ ಹೆಸರಾದ ನೆಲನೆಲ್ಲಿಯ ಎಲೆಸಾಲಿನ ಕೆಳಗೆ ನುಣುಪಾದ, ಪುಟ್ಟ ತೊಟ್ಟಿರುವ ಕಾಯಿಗಳಿರುತ್ತವೆ. ಇದರದೇ ಜಾತಿಯ ಕೆಂಪು ಕಾಂಡದ ಇನ್ನೊಂದು ಗಿಡದಲ್ಲಿ ಕಾಯಿಗಳು ಒರಟಾಗಿದ್ದು ತೊಟ್ಟು ಇಲ್ಲವೆನ್ನುವಷ್ಟು ಚಿಕ್ಕದು. ಕಾಮಾಲೆಯು ಹಲವು ಕಾರಣಗಳಿಂದ ಬರುವ ರೋಗಲಕ್ಷಣವಾದುದರಿಂದ ವೈದ್ಯರ ತಪಾಸಣೆಯನ್ನು ಮುಂದೂಡಬಾರದು.

ವಿಶೇಷ ಎಚ್ಚರಿಕೆ ಅಗತ್ಯವಿರುವ ಸಸ್ಯಗಳು

ಕಾಸರಕ: ಇದರ ಬೀಜ, ತೊಗಟೆ ಮತ್ತು ಎಲೆಗಳಲ್ಲಿ ವಿಷಾಂಶಗಳಿವೆ. ಬೀಜದಲ್ಲಿರುವ ಸ್ಟ್ರಿಕ್ನಿನ್ ತೀವ್ರ ಸೆಳವನ್ನು ಉಂಟುಮಾಡುತ್ತದೆ. ಎಲೆಗಳು ಎದುರುಬದುರಾಗಿದ್ದು ಹೊಳಪಾಗಿರುತ್ತವೆ. ಎಲೆಯ ಬುಡದಿಂದಲೇ ಮೂರರಿಂದ ಐದು ನರಗಳು ಹೊರಡುತ್ತವೆ. ಹಣ್ಣು ಕಿತ್ತಳೆಯಂತೆ ಕಾಣುತ್ತದೆ. ಬೀಜ ಗುಂಡಿಯಂತೆ ಚಪ್ಪಟೆಯಾಗಿರುತ್ತದೆ. ಇದೇ ಪಂಗಡದ ಚಿಲ್ಲದ ಮರದ ಎಲೆಯೂ ಹೀಗೆಯೇ ಇರುತ್ತದೆ. ಆದರೆ ಚಿಲ್ಲದ ಹಣ್ಣು ಚಿಕ್ಕದು, ಮಾಗಿದಾಗ ಕಪ್ಪು, ಒಂದೇ ಬೀಜವುಳ್ಳದ್ದು. ಚಿಲ್ಲದ ಬೀಜವನ್ನು ತೇದು ಕದಡಿದ ನೀರನ್ನು ತಿಳಿಗೊಳಿಸುವ ಪದ್ಧತಿ ಹಿಂದಿನಿಂದ ಇದೆ. ಹಣ್ಣಿಲ್ಲದ ಕಾಲದಲ್ಲಿ ಎಲೆಯ ಚಿತ್ರದಿಂದ ಇವೆರಡನ್ನು ಬೇರ್ಪಡಿಸಲು ಪ್ರಯತ್ನಿಸಬಾರದು.

ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯಂದು ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ರೂಢಿಯಿದೆ. ತೊಗಟೆಯನ್ನು ಬೆಳಕು ಹರಿಯುವ ಮೊದಲೇ ತರುವುದರಿಂದ ಕತ್ತಲಲ್ಲಿ ಕಾಸರಕದ ತೊಗಟೆ ಬೆರೆಯುವ ಅಪಾಯವಿರುತ್ತದೆ. ಹಾಲೆಯಲ್ಲಿ ಒಂದೇ ಗಿಣ್ಣಿನ ಸುತ್ತ ನಾಲ್ಕರಿಂದ ಎಂಟು ಎಲೆಗಳಿದ್ದು, ಗಾಯವಾದಾಗ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಹಾಲಿಲ್ಲ. ಮರವನ್ನು ಹಿಂದಿನ ದಿನ ಹಗಲಿನಲ್ಲಿಯೇ ಗುರುತಿಸಿಟ್ಟುಕೊಳ್ಳುವುದು ಸೂಕ್ತ. ನೆರೆಯ ಜಿಲ್ಲೆಗಳಿಂದ ತೊಗಟೆ ತರಿಸಿಕೊಳ್ಳುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಅಮೃತಬಳ್ಳಿ: ಕೋವಿಡ್ ಕಾಲದಲ್ಲಿ ಇದರ ಮನೆಬಳಕೆ ಬಹಳ ಹೆಚ್ಚಿತು. ಇದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಬಗ್ಗೆ 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಅಮೃತಬಳ್ಳಿ ಸುರಕ್ಷಿತವೆಂದೂ, ಅದನ್ನು ಹೋಲುವ ಟಿನೋಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿ ಹಾನಿಕರವಾಗಬಹುದೆಂದೂ ಕೇಂದ್ರ ಆಯುಷ್ ಮಂತ್ರಾಲಯವು 2022ರ ಫೆಬ್ರವರಿಯಲ್ಲಿ ಸಲಹಾ ಸೂಚನೆ ಹೊರಡಿಸಿತು. ಅಮೃತಬಳ್ಳಿಯ ಕಾಂಡ ಹಸಿರುಛಾಯೆಯದು, ಅದರ ಮೇಲೆ ಗಂಟುಗಳಿಲ್ಲ, ಹೂವಿಗೆ ಆರು ದಳಗಳು, ಹಣ್ಣು ದುಂಡಗಿರುತ್ತದೆ. ಇನ್ನೊಂದರ ಕಾಂಡ ಬೂದುಬಣ್ಣದ್ದಾಗಿದ್ದು ಮೈಯೆಲ್ಲ ಗಂಟುಗಂಟಾಗಿರುತ್ತದೆ, ಹೂವಿಗೆ ಮೂರು ದಳಗಳು, ಹಣ್ಣು ಉದ್ದದುಂಡಗಿರುತ್ತದೆ. ಎರಡರ ಎಲೆಯೂ ಹೃದಯಾಕಾರವೇ ಆದುದರಿಂದ ಎಲೆಯ ಚಿತ್ರ ಸಾಲದು, ಕಾಂಡದ ಚಿತ್ರ ಕಡ್ಡಾಯ. ಯಕೃತ್ತಿನ ತೊಂದರೆಯುಳ್ಳವರು ವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸಬಾರದು.

ಗೌರಿ ಹೂವಿನ ಬಳ್ಳಿ: ಮಳೆಗಾಲದಲ್ಲಿ ಬೇಲಿಗಳಲ್ಲಿ ಕೆಂಪು ಹಳದಿ ಬಣ್ಣದ, ಜ್ವಾಲೆಯಂತಹ ಹೂ ಬಿಡುತ್ತದೆ. ಗೆಡ್ಡೆ ಅತ್ಯಂತ ವಿಷಕಾರಿ. ಹೂವಿಲ್ಲದಾಗ ಇದನ್ನು ತಿನ್ನುವ ಕಾಡುಗೆಣಸೆಂದು ತಪ್ಪಾಗಿ ಭಾವಿಸುವ ಸಂಭವವಿದೆ. ಎಲೆಯ ತುದಿಯೇ ಕುಡಿಯಾಗಿ ಸುರುಳಿ ಸುತ್ತಿರುವುದು ಇದರ ಖಚಿತ ಗುರುತು.

ಗುಲಗಂಜಿ: ಕೆಂಪು ಬೀಜದ ಮೇಲೆ ಕಪ್ಪು ಚುಕ್ಕೆ. ಜಗಿದ ಅಥವಾ ಪುಡಿಯಾದ ಬೀಜ ಪ್ರಾಣಾಂತಿಕ. ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು.

ಗುರುತು ಖಚಿತಪಡಿಸಿಕೊಳ್ಳುವುದು

2008ರಲ್ಲಿ ಆರಂಭವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಚಿತ್ರಗಳನ್ನು ಸೇರಿಸಿ ತಜ್ಞರ ಅಭಿಪ್ರಾಯ ಪಡೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಜೆಸಿಬಿ ಹರ್ಬೇರಿಯಂ ಕರ್ನಾಟಕದ ಸಸ್ಯಗಳ ಚಿತ್ರಸಹಿತ ಮಾಹಿತಿಯನ್ನು ಅಂತರಜಾಲದಲ್ಲಿ ಒದಗಿಸಿದೆ. ಮೊಬೈಲ್ ಆ್ಯಪ್‌ಗಳು ನೀಡುವ ಹೆಸರು ಒಂದು ಊಹೆ ಮಾತ್ರ. ಅದನ್ನು ಮೇಲಿನ ಲಕ್ಷಣಗಳೊಡನೆ ಹೋಲಿಸಿ, ಸಮೀಪದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರಿಗೆ ಅಥವಾ ಆಯುರ್ವೇದ ವೈದ್ಯರಿಗೆ ಮಾದರಿಯನ್ನು ತೋರಿಸಿ ಖಚಿತಪಡಿಸಿಕೊಳ್ಳಬೇಕು. ಚಿತ್ರದಿಂದ ತಿಳಿದ ಹೆಸರಿನ ಆಧಾರದ ಮೇಲೆ ಯಾವುದೇ ಗಿಡವನ್ನು ಸೇವಿಸಬಾರದು.

ಸಾರ್ವಜನಿಕರ ಗಮನಕ್ಕೆ

• ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ, ತೊಗಟೆ, ಬೇರುಗಳನ್ನು ಸಂಗ್ರಹಿಸುವುದು ಕರ್ನಾಟಕ ಅರಣ್ಯ ಕಾಯಿದೆ 1963ರ ಅಡಿಯಲ್ಲಿ ಅಪರಾಧವಾಗುತ್ತದೆ.
• ತೊಗಟೆಯನ್ನು ಮರದ ಸುತ್ತಲೂ ಸುಲಿದಲ್ಲಿ ಮರ ಸಾಯುತ್ತದೆ. ಗುರುತಿಸುವಿಕೆಗೆ ಕೆಳಗೆ ಬಿದ್ದ ಎಲೆ, ಕಾಯಿಗಳು ಸಾಕು.
• ಬೇಲೂರು ಮತ್ತು ಹಳೇಬೀಡಿನ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅವುಗಳ ಆವರಣದಲ್ಲಿ ಗಿಡಗಳನ್ನು ಕೀಳದೆ ಚಿತ್ರ ಮಾತ್ರ ತೆಗೆಯಬೇಕು.
• ವಿಷಕಾರಿ ಸಸ್ಯ ಸೇವಿಸಿದ ಶಂಕೆಯಿದ್ದಲ್ಲಿ ಮನೆಮದ್ದಿನಲ್ಲಿ ಕಾಲ ಕಳೆಯದೆ, ಬಲವಂತವಾಗಿ ವಾಂತಿ ಮಾಡಿಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಸೇವಿಸಿದ ಗಿಡದ ತುಂಡನ್ನು ಅಥವಾ ಅದರ ಚಿತ್ರವನ್ನು ಜೊತೆಯಲ್ಲಿ ಒಯ್ದಲ್ಲಿ ವೈದ್ಯರ ಚಿಕಿತ್ಸೆಗೆ ಸಹಾಯವಾಗುತ್ತದೆ.