ಎರಡು ಹೆದ್ದಾರಿಗಳ ನಡುವೆ: ಗಡಿ ಜಿಲ್ಲೆಯಲ್ಲಿ ಏಡ್ಸ್ ತಡೆಯ ಹಾದಿ

ಮೈಸೂರಿನಿಂದ ಬಂದ ರಸ್ತೆ ನಮ್ಮ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಮದ್ದೂರು ಚೆಕ್‌ಪೋಸ್ಟ್ ದಾಟಿ ವಯನಾಡಿಗೆ. ತೆರಕಣಾಂಬಿಯ ತರಕಾರಿ ಹೊತ್ತ ಲಾರಿಗಳು ಓಡುವುದು ಇವೇ ದಾರಿಗಳಲ್ಲಿ. 2009ರಲ್ಲಿ ಕಾಡಿನೊಳಗೆ ರಾತ್ರಿ ಸಂಚಾರ ನಿಂತಿತು. ಒಂಬತ್ತು ಗಂಟೆಯೊಳಗೆ ಗೇಟು ದಾಟಲಾಗದ ಚಾಲಕರು, ಕ್ಲೀನರ್‌ಗಳು ಬೆಳಗಿನ ಆರರವರೆಗೆ ಈಚೆ ಬದಿಯಲ್ಲೇ ಉಳಿಯಬೇಕಾಯಿತು. ಜೊತೆಗೆ ನಮ್ಮ ಹಳ್ಳಿಗಳಿಂದ ಕೇರಳದ ಶುಂಠಿ ಹೊಲಗಳಿಗೂ ಕೊಡಗಿನ ಕಾಫಿ ತೋಟಗಳಿಗೂ ಕೂಲಿಗೆ ಹೋಗುವವರಿದ್ದಾರೆ. ಲಾರಿ ಚಾಲಕರನ್ನೂ ವಲಸೆ ಕೂಲಿಗಳನ್ನೂ ವಿಶೇಷವಾಗಿ ತಲುಪಬೇಕೆಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ತೀರ್ಮಾನಿಸಿದ್ದು ಏಕೆಂದು ಇಲ್ಲಿಯವರಿಗೆ ವಿವರಿಸಬೇಕಿಲ್ಲ. ಇವರು ಕೆಟ್ಟವರೆಂದಲ್ಲ. ಮನೆ ಬಿಟ್ಟು ವಾರಗಟ್ಟಲೆ ಹೊರಗಿರುವವರಿಗೆ ಮಾಹಿತಿಯೂ ಚಿಕಿತ್ಸೆಯೂ ಎಲ್ಲರಿಗಿಂತ ತಡವಾಗಿ ಸಿಗುತ್ತವೆ.

ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಆಗಿನ ಮದ್ರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಡಾ. ಸೆಲ್ಲಪ್ಪನ್ ನಿರ್ಮಲಾ ಸಂಗ್ರಹಿಸಿದ ರಕ್ತದ ಮಾದರಿಗಳನ್ನು ವೆಲ್ಲೂರಿನಲ್ಲಿ ಪರೀಕ್ಷಿಸಲಾಯಿತು. ನ್ಯಾಕೋ ಹುಟ್ಟಿದ್ದು 1992ರಲ್ಲಿ. ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ರೂಪುಗೊಂಡದ್ದು 1997ರಲ್ಲಿ. ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ ವರ್ಷ.

ಆ ಕಾಲದಲ್ಲಿ ಗೋಡೆ ಬರಹಗಳೂ ಭಾಷಣಗಳೂ ಏಡ್ಸ್ ಅನ್ನು ಮಹಾಮಾರಿ ಎಂದೇ ಪರಿಚಯಿಸಿದವು. ಭಯ ಹುಟ್ಟಿಸಿದರೆ ಜನ ಎಚ್ಚರಗೊಳ್ಳುತ್ತಾರೆ ಎಂಬ ನಂಬಿಕೆಯಿತ್ತು. ಅದು ತಪ್ಪು ದಾರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ. ಹೆದರಿದವರು ರಕ್ತ ಪರೀಕ್ಷೆಗೆ ಬರಲಿಲ್ಲ; ಹೆದರಿದ ಊರು ಸೋಂಕಿತರ ತಟ್ಟೆ ಲೋಟವನ್ನೇ ಬೇರೆ ಇಟ್ಟಿತು. ಗಂಡನಿಂದ ಸೋಂಕು ಬಂದ ಹೆಣ್ಣುಮಗಳೇ ಗಂಡನನ್ನು ಕೊಂದವಳೆಂಬ ಮಾತು ಕೇಳಬೇಕಾಯಿತು.

ಪರಿಸ್ಥಿತಿ ತಿರುಗಿದ್ದು ಔಷಧಿ ಕೈಗೆಟುಕಿದಾಗ. ವರ್ಷಕ್ಕೆ ಹತ್ತು ಸಾವಿರ ಡಾಲರ್‌ಗೂ ಮೀರಿದ್ದ ಮೂರು ಔಷಧಿಗಳ ಚಿಕಿತ್ಸೆಯನ್ನು 2001ರಲ್ಲಿ ಸಿಪ್ಲಾ ಕಂಪನಿ 350 ಡಾಲರ್‌ಗೆ ಕೊಡಲು ಮುಂದಾಯಿತು. 2004ರ ಏಪ್ರಿಲ್ 1ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ, ಅಂದರೆ ವೈರಸ್ ಹತ್ತಿಕ್ಕುವ ಔಷಧಿಗಳ ಚಿಕಿತ್ಸೆ, ಆರಂಭವಾಯಿತು. ಆದರೆ ಮೊದಲಿಗೆ ಇಡೀ ದೇಶಕ್ಕೆ ಎಂಟೇ ಆಸ್ಪತ್ರೆಗಳು. ಒಂದು ದಿನದ ಕೂಲಿ, ಬಸ್ ಚಾರ್ಜು, ಮನೆಯವರಿಗೆ ಹೇಳಬೇಕಾದ ಒಂದು ಸುಳ್ಳು, ಇಷ್ಟಿದ್ದರೆ ಮಾತ್ರ ಗುಂಡ್ಲುಪೇಟೆ ಕಡೆಯವರು ಅರವತ್ತು ಕಿಲೋಮೀಟರ್ ದೂರದ ಮೈಸೂರನ್ನಾದರೂ ಮುಟ್ಟಲು ಸಾಧ್ಯವಿತ್ತು. ತೊಂಬತ್ತರ ದಶಕದ ಕೊನೆಯಿಂದ ಸೋಂಕಿತರಿಗೆ ಆಸರೆಯಾಗಿದ್ದ ಆಶಾಕಿರಣ ಆಸ್ಪತ್ರೆ ಇರುವುದೂ ಮೈಸೂರಿನಲ್ಲೇ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಪರೀಕ್ಷೆ, ಮಾತ್ರೆಗಳು ಸಿಗುವಂತಾದದ್ದು ಎಷ್ಟು ದೊಡ್ಡ ಬದಲಾವಣೆ ಎಂಬುದು ಈ ಲೆಕ್ಕ ಗೊತ್ತಿದ್ದವರಿಗೇ ಗೊತ್ತು.

ಈ ಇತಿಹಾಸದಲ್ಲಿ ಹೆಸರು ಬರೆಸಿಕೊಳ್ಳದೆ ದುಡಿದವರು ಐಸಿಟಿಸಿಗಳ, ಅಂದರೆ ಸಮಗ್ರ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳ, ಆಪ್ತ ಸಮಾಲೋಚಕರು ಮತ್ತು ಹಳ್ಳಿ ಸುತ್ತಿದ ಲಿಂಕ್ ವರ್ಕರ್‌ಗಳು. ಬೀದಿ ನಾಟಕಗಳು ಜನರನ್ನು ಸೇರಿಸಿದವು, ನಿಜ. ಆದರೆ ಪರೀಕ್ಷೆಯ ಫಲಿತಾಂಶ ಹೇಳುವುದು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಬ್ಬರಿಗೊಬ್ಬರು ಎದುರು ಕೂತು. ಅಳುವವರನ್ನು ಅಳಲು ಬಿಟ್ಟು, ಆಮೇಲೆ ಮಾತ್ರೆಯ ವಿಷಯ ತೆಗೆದು, ಹೆಂಡತಿಯನ್ನೋ ಗಂಡನನ್ನೋ ಪರೀಕ್ಷೆಗೆ ಕರೆತರುವಂತೆ ಒಪ್ಪಿಸಬೇಕು. ನಾಳೆ ಸಂತೆಯಲ್ಲಿ ಅದೇ ವ್ಯಕ್ತಿ ಎದುರಾದರೆ ಗುರುತಿನ ನಗೆಯನ್ನೂ ತಡೆದುಕೊಳ್ಳಬೇಕು. ಎಲ್ಲರಿಗೂ ಎಲ್ಲರೂ ಪರಿಚಯವಿರುವ ಊರಿನಲ್ಲಿ ಗುಟ್ಟು ಕಾಯುವುದೇ ಚಿಕಿತ್ಸೆಯ ಮೊದಲ ಭಾಗ. ಈಗಾಗಲೇ ಮಾತ್ರೆ ನುಂಗುತ್ತಿದ್ದ ಸೋಂಕಿತರು ಹೊಸಬರ ಜೊತೆ ಕೂತು, "ನೋಡಿ, ನಾನು ಚೆನ್ನಾಗಿಯೇ ಇದ್ದೀನಲ್ಲ" ಎಂದಾಗ ಹುಟ್ಟುವ ಧೈರ್ಯವನ್ನು ಯಾವ ವೈದ್ಯರೂ ಕೊಡಲಾರರು.

ತಾಯಿಯಿಂದ ಮಗುವಿಗೆ ಸೋಂಕು ತಡೆಯುವ ಕೆಲಸವಂತೂ ಎದೆ ತುಂಬುವಂಥದ್ದು. ಚಿಕಿತ್ಸೆಯಿಲ್ಲದಿದ್ದರೆ ನೂರರಲ್ಲಿ ಹದಿನೈದರಿಂದ ನಲವತ್ತೈದು ಮಕ್ಕಳಿಗೆ ದಾಟಬಹುದಾದ ಸೋಂಕು, ಸರಿಯಾದ ಚಿಕಿತ್ಸೆಯಿದ್ದರೆ ಐದಕ್ಕಿಂತ ಕೆಳಗಿಳಿಯುತ್ತದೆ. 2014ರಿಂದ ಸೋಂಕಿತ ಗರ್ಭಿಣಿಯರೆಲ್ಲರಿಗೂ ಜೀವನಪರ್ಯಂತ ಎಆರ್‌ಟಿ, 2017ರಿಂದ ರಕ್ತದಲ್ಲಿನ ರೋಗನಿರೋಧಕ ಕಣಗಳ (ಸಿಡಿ4) ಎಣಿಕೆ ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ. ಮಾತ್ರೆ ತಪ್ಪಿಸದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕಿಳಿದು ಅಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ ಎಂಬುದೂ ಈಗ ಸಾಬೀತಾಗಿದೆ. ಇದನ್ನು ನಮ್ಮ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕು.

2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದನ್ನೂ ಸೋಂಕಿದೆಯೆಂಬ ಕಾರಣಕ್ಕೆ ಕೆಲಸ, ಶಾಲೆ, ಬಾಡಿಗೆ ಮನೆ ನಿರಾಕರಿಸುವುದನ್ನೂ ನಿಷೇಧಿಸುತ್ತದೆ. ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ, ಆಸ್ಪತ್ರೆಯಾದರೆ ಇಪ್ಪತ್ತು ಜನರಿದ್ದರೂ, ದೂರು ಸ್ವೀಕರಿಸುವ ಅಧಿಕಾರಿ ಇರಲೇಬೇಕು. ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಂದ ಹಿಡಿದು ಜಿಲ್ಲೆಯ ಖಾಸಗಿ ಆಸ್ಪತ್ರೆಗಳವರೆಗೆ, ಆ ಅಧಿಕಾರಿಯ ಹೆಸರೂ ಉಚಿತ ಸಹಾಯವಾಣಿ 1097ರ ಸಂಖ್ಯೆಯೂ ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರಬೇಕು.